ಬಾಣಂತಿ ಮಂಚದ ಕೆಂಡ

"ಅಬ್ಬಾ, ಏನೋ ಘಾಟ ಬರಾಕತ್ತೇತಿ ನೋಡ್ರಿ," ಎಂದು ಸುಮಯ್ಯಾ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತ ಅಪ್ಪನಿಗೆ ಮತ್ತೊಮ್ಮೆ ಹೇಳಿದಳು.

ಮೀರಾಸಾಬ ಮಂಚದ ಕೆಳಗಿನ ಕೆಂಡಕ್ಕೆ ಬಗ್ಗಿ ಮೂಸಿದ. ಅವನಿಗೆ ಯಾವ ವಾಸನೆಯೂ ಬರಲಿಲ್ಲ. "ಏನಿಲ್ಲವ್ವಾ, ಹೊಸಾ ಇದ್ದಲಿ, ಸುರುವಿಗೆ ಹಂಗ. ಸುಮ್ನ ಮಲಕೋ."

ಮಗಳು ಹೆತ್ತು ವಾರವಾಗಿತ್ತಷ್ಟೆ. ಬಾಣಂತಿಗೆ ಕೆಂಡದ ಕಾವಿಲ್ಲದೆ ಹೇಗೆ? ಆದರೆ ಗೋವೆಯ ಸಾಂಕೋಲೆಯ ಈ ಹಾಳು ಮಳೆಯಲ್ಲಿ ಒಣ ಇದ್ದಿಲು ಸಿಗಬೇಕಲ್ಲ. ಬೆಳಗಾದರೆ ಹೆಂಡತಿ ಜೈನಬಳದು ಅದೇ ರಾಗ.

ಮೀರಾಸಾಬ ದುಡಿಯುವುದು ಹಸಿ ಕಸ ಕೊಳೆಸಿ ಗ್ಯಾಸು ತೆಗೆಯುವ ಕಾರ್ಖಾನೆಯಲ್ಲಿ. ಆ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ನಾತದ ವಿಷವೊಂದಿರುತ್ತದೆ. ಅದನ್ನು ಹೀರಿಕೊಳ್ಳಲೆಂದು ದೊಡ್ಡ ಪೀಪಾಯಿಯಲ್ಲಿ ಇದ್ದಿಲಿನ ಗುಳಿಗೆ ತುಂಬಿರುತ್ತಾರೆ. ಹೀರಿ ಹೀರಿ ಕೆಲಸಕ್ಕೆ ಬಾರದಾದ ಗುಳಿಗೆಗಳನ್ನು ತೆಗೆದು ಚೀಲಕ್ಕೆ ತುಂಬುವವನು ಇವನು. ಇದ್ದಿಲು ಇದ್ದಿಲೇ ತಾನೆ ಎಂದುಕೊಂಡ ಪುಣ್ಯಾತ್ಮ, ಒಂದು ಚೀಲ ಮನೆಗೆ ತಂದು, ಅಕ್ಕಿ ತೊಳೆದ ಹಾಗೆ ನೀರು ತಿಳಿಯಾಗುವ ತನಕ ತೊಳೆದು ಒಲೆಯ ಪಕ್ಕ ಒಣಗಿಸಿ, ಇವತ್ತು ಮಗಳ ಮಂಚದ ಕೆಳಗೆ ಅದನ್ನೇ ಹೊತ್ತಿಸಿದ್ದ. ಅಷ್ಟು ತೊಳೆದ ಮೇಲೆ ವಿಷ ಎಲ್ಲಿ ಉಳಿದೀತು ಎಂಬುದು ಅವನ ಲೆಕ್ಕ. ಆ ನಾತದಲ್ಲಿ ನಿಂತು ನಿಂತು ಅವನ ಮೂಗು ಸತ್ತು ವರ್ಷವಾಗಿತ್ತು. ಕೆಲಸ ಹೋದೀತೆಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಕೂಸು ಕೆಮ್ಮಿತು. ಅಳು ಗೊಗ್ಗರಾಯಿತು, ಆಮೇಲೆ ಅಳುವೇ ಕೇಳಲಿಲ್ಲ. ಅಡಿಗೆಮನೆಯಿಂದ ಬಂದ ಜೈನಬ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಕಡ್ಡಿಪೆಟ್ಟಿಗಿ ಸುಟ್ಟಂಗ ನಾರಾಕತ್ತೇತಲ್ರೀ, ಇಲ್ಲೇ ಕುಂತೀರಿ, ಗೊತ್ತಾಗಲಿಲ್ಲೇನು?"

ಸುಮಯ್ಯಾ ಕೂಸನ್ನು ಎದೆಗವಚಿಕೊಂಡು ಮಳೆಗೇ ಓಡಿದಳು. ಅದರ ತುಟಿ ನೀಲಿಗಟ್ಟಿತ್ತು. ಪಕ್ಕದ ಮನೆಯ ಹಾರೂನ ರಿಕ್ಷಾ ತೆಗೆದ.

ಆಸ್ಪತ್ರೆಯಲ್ಲಿ ಡಾಕ್ಟರು ಏನು ಸುಟ್ಟಿರೆಂದು ಕೇಳಿದಾಗ ಮೀರಾಸಾಬ ಎಲ್ಲವನ್ನೂ ಹೇಳಿದ. ಹೇಳುವಾಗ ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಹೀರಿದ ವಿಷ ಗಂಧಕವಾಗಿ ಇದ್ದಿಲಿನೊಳಗೇ ಕೂತಿರುತ್ತದೆ, ತೊಳೆದರೆ ಹೋಗದು, ಸುಟ್ಟರೆ ವಿಷದ ಹೊಗೆಯಾಗಿ ಏಳುತ್ತದೆ ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಕೂಸಿನ ಉಸಿರು ಹಾದಿಗೆ ಬಂತು. ಎದೆಗೆ ಎಷ್ಟು ಪೆಟ್ಟು ಬಿದ್ದಿದೆಯೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

"ನಂಗ ವಾಸನಿ ಬರೂದಿಲ್ಲವ್ವಾ," ಎಂದ ಅವನು, ಬೆಂಚಿನ ತುದಿಯಲ್ಲಿ ಕುಳಿತ ಮಗಳಿಗೆ. "ಖರೇನ ಬರೂದಿಲ್ಲ."

"ನಂಗ ಬರಾಕತ್ತಿತ್ತಲ್ರೀ ಅಬ್ಬಾ," ಎಂದಳು ಸುಮಯ್ಯಾ. ದನಿ ಏರಲಿಲ್ಲ.

ನರ್ಸು ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಹತ್ತಿರವಿದ್ದವನು ಮೀರಾಸಾಬನೇ, ಎದ್ದು ಕೈ ಚಾಚಿದ. ಸುಮಯ್ಯಾ ನಡುವೆ ಬಂದು ಕೂಸನ್ನು ತೆಗೆದುಕೊಂಡು, ಬೆಂಚಿನ ಮೇಲಿದ್ದ ತಾಯಿಯ ಆಚೆ ಬದಿಗೆ ಹೋಗಿ ಕುಳಿತಳು. ಅವನು ಕೈಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಿಂತೇ ಇದ್ದ.