ತಾಯಿಯ ಹತ್ತು ಅಂಕ

“ಅಯ್ಯಯ್ಯೋ, ಸತ್ತೇ ಹೋದೆ!” ಎಂದು ಕಟ್ಟಡ ಅದುರುವಂತೆ ಕಿರುಚಿದ ಆಯಾ, ಅದೇ ಉಸಿರಿನಲ್ಲಿ ದನಿ ಇಳಿಸಿ, “ದಿಂಬು ಸ್ವಲ್ಪ ಮೇಲಕ್ಕೆಳೀರಿ ಡಾಕ್ಟ್ರೇ, ಇದು ನಿಜವಾದ ಬೆನ್ನುನೋವು” ಎಂದಳು. ಸುತ್ತ ನಿಂತಿದ್ದ ವೈದ್ಯರೆಲ್ಲ ಗೊಳ್ಳೆಂದು ನಕ್ಕರು. ಕಲಿಸುವ ದೊಡ್ಡ ಮೇಡಂ ಮಾತ್ರ ನಗಲಿಲ್ಲ. ಅವರ ಕಣ್ಣು ಕೈಯಲ್ಲಿದ್ದ ಗಡಿಯಾರದ ಮೇಲಿತ್ತು.

ಹೆರಿಗೆ ತರಬೇತಿ ಕೇಂದ್ರದಲ್ಲಿ ಕಸ ಗುಡಿಸಲೆಂದು ಸೇರಿದವಳು ಈ ಆಯಾ. ಏಳು ವರ್ಷದ ಹಿಂದೆ, ವೈದ್ಯರ ಅಭ್ಯಾಸಕ್ಕಾಗಿ ತಾಯಿಯ ಪಾತ್ರ ಮಾಡಬೇಕಾಗಿದ್ದವಳು ಕೈಕೊಟ್ಟಾಗ, ಮೇಡಂ ಇವಳ ನಡುವಿಗೆ ರಬ್ಬರ್ ಹೊಟ್ಟೆ ಕಟ್ಟಿ ಮಂಚ ಹತ್ತಿಸಿದ್ದರು. ಅಂದಿನಿಂದ ಇಂದಿನವರೆಗೆ ನಾನೂರು ಚಿಲ್ಲರೆ ಹೆರಿಗೆ ಆಗಿದೆ. “ಇಷ್ಟು ಹೆತ್ತರೂ ಒಂದು ದಿನ ಬಾಣಂತನದ ರಜೆ ಕೊಟ್ಟಿಲ್ಲ ನೋಡಿ” ಎಂದು ಆಗಾಗ ಮೇಡಂ ಅವರನ್ನೇ ಕೆಣಕುತ್ತಾಳೆ.

ಪರೀಕ್ಷೆಯ ನೂರು ಅಂಕದಲ್ಲಿ ತೊಂಬತ್ತು ಮೇಡಂ ಅವರದು, ಹತ್ತು ಈ ಆಯಾಳದು. ತಾಯಿಯ ಅಂಕ ಎಂದೇ ಅದಕ್ಕೆ ಹೆಸರು. ಅದರಲ್ಲಿ ಆರಕ್ಕಿಂತ ಕಡಿಮೆ ಬಂದರೆ ಉಳಿದದ್ದು ಎಷ್ಟಿದ್ದರೂ ನಪಾಸು. ಮೂರು ಸಲ ನಪಾಸಾದವರಿಗೆ ಹೆರಿಗೆ ಕೋಣೆಯ ಹೊಣೆ ಕೊಡುವುದಿಲ್ಲ. ಎಲ್ಲರೂ ಎಕ್ಸ್‌ಪ್ರೆಸ್ ಎಂದು ಕರೆಯುತ್ತಿದ್ದ ಡಾಕ್ಟರ್ ಹುಡುಗಿ ಈಗಾಗಲೇ ಎರಡು ಸಲ ನಪಾಸಾಗಿದ್ದಳು. ಅವಳ ಕೈ ಅಷ್ಟು ಚುರುಕು, ಬಾಯಿ ಅದಕ್ಕಿಂತ ಚುರುಕು.

ಅವಳು ಎಡವುತ್ತಿದ್ದದ್ದು ಕೊನೆಯ ಘಟ್ಟದಲ್ಲಿ. ರಬ್ಬರ್ ಹೊಟ್ಟೆಯಿಂದ ಹುಟ್ಟಿದ ಬೊಂಬೆ ಉಸಿರಾಡುವುದಿಲ್ಲ. ಗಾಳಿಚೀಲ ಒತ್ತಿ, ಎದೆ ಒತ್ತಿ, ಎಲ್ಲ ಮುಗಿದ ಮೇಲೆ ತಾಯಿಗೆ ವಿಷಯ ಹೇಳಬೇಕು. ಆಗ ಆಯಾ ಒಂದು ಪ್ರಶ್ನೆ ಕೇಳುತ್ತಾಳೆ: “ಗಂಡೋ ಹೆಣ್ಣೋ?” ಮೇಡಂ ಬರೆದುಕೊಟ್ಟ ಹಾಳೆಯಲ್ಲಿ ಈ ಪ್ರಶ್ನೆ ಇಲ್ಲ. ಕೆಲವರು ನಕ್ಕುಬಿಡುತ್ತಾರೆ. ಅತಿ ಶಿಸ್ತಿನವರು ಬೊಂಬೆಯ ಬಟ್ಟೆ ಸರಿಸಿ ನೋಡಿ, ಅಲ್ಲಿ ಪ್ಲಾಸ್ಟಿಕ್ಕಿನ ಹೊಲಿಗೆಯೂ ಕಾರ್ಖಾನೆಯ ನಂಬರೂ ಬಿಟ್ಟು ಬೇರೇನೂ ಕಾಣದೆ ಬೆಪ್ಪಾಗುತ್ತಾರೆ. ಎಕ್ಸ್‌ಪ್ರೆಸ್ ಮೊದಲ ಸಲ, “ಬೊಂಬೆಗೆ ಅದೆಲ್ಲ ಎಲ್ಲಿರುತ್ತಮ್ಮ?” ಎಂದು ನಾಲ್ಕು ಅಂಕ ಪಡೆದಳು. ಎರಡನೆಯ ಸಲ, “ಈಗ ಅದು ಮುಖ್ಯ ಅಲ್ಲ, ನಿಮ್ಮ ಆರೋಗ್ಯ ಮುಖ್ಯ” ಎಂದು ಬಾಯಿಪಾಠ ಒಪ್ಪಿಸಿ ಐದು ಪಡೆದಳು.

ಮೂರನೆಯ ಪರೀಕ್ಷೆಯ ಹಿಂದಿನ ದಿನ, ಆಯಾ ರಬ್ಬರ್ ಹೊಟ್ಟೆ ತೊಳೆಯುತ್ತಿದ್ದಲ್ಲಿಗೇ ಅವಳು ಬಂದಳು.

“ಹೋದ ಸಲ ಮೇಡಂ ತೊಂಬತ್ತಕ್ಕೆ ಎಂಬತ್ತೆಂಟು ಕೊಟ್ಟಿದ್ದಾರೆ. ನಿಮ್ಮ ಒಂದೇ ಒಂದು ಅಂಕಕ್ಕೆ ನನ್ನ ಬದುಕು ನಿಂತಿದೆ, ಗೊತ್ತಾ?”

“ನಿಮ್ಮ ಕೈ ಬಂಗಾರ ಡಾಕ್ಟ್ರೇ, ಸುಳ್ಳು ಹೇಳಲ್ಲ. ಆದ್ರೆ ನೀವು ನನ್ನ ಹೊಟ್ಟೆ ಜೊತೆ ಮಾತಾಡ್ತೀರಿ. ಮುಖಾನೇ ನೋಡಲ್ಲ.”

“ಸರಿ, ಏನು ಹೇಳ್ಬೇಕು ಅಂತ ಹೇಳ್ಕೊಡಿ.”

“ಹೇಳ್ಕೊಟ್ರೆ ಅದನ್ನೂ ಒಪ್ಪಿಸ್ತೀರಿ” ಎಂದು ಆಯಾ ನಲ್ಲಿ ತಿರುಗಿಸಿದಳು. ಹುಡುಗಿ ಸಿಡಿಮಿಡಿಗೊಂಡು ಹೊರಟುಹೋದಳು.

ಹೇಳಿಕೊಡುವುದಾದರೂ ಏನನ್ನು? ಇಪ್ಪತ್ತಾರು ವರ್ಷದ ಹಿಂದೆ, ಹತ್ತೊಂಬತ್ತರ ವಯಸ್ಸಿನಲ್ಲಿ ಆಯಾ ಇಂಥದೇ ಒಂದು ಮಂಚದ ಮೇಲೆ ಮಲಗಿದ್ದಳು. ಚೊಚ್ಚಲು. ಹಸಿರು ಬಟ್ಟೆ ಮುಚ್ಚಿದ ಬೇಸನ್ನೊಂದನ್ನು ಯಾರೋ ಎತ್ತಿಕೊಂಡು ಹೋದರು. ಗಂಡೋ ಹೆಣ್ಣೋ ಎಂದು ಕೇಳಿದಳು. “ಈಗ ತಿಳ್ಕೊಂಡು ಏನ್ಮಾಡ್ತೀಯ?” ಎಂದರು, ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದ ಡಾಕ್ಟರು. ಅಷ್ಟೇ. ಆಮೇಲೆ ಇಬ್ಬರು ಗಂಡುಮಕ್ಕಳು ಹುಟ್ಟಿದರು, ಬೆಳೆದರು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಇಬ್ಬರು ಎನ್ನುತ್ತಾಳೆ. ಅಂದು ಕೇಳಿದ ಪ್ರಶ್ನೆಯ ಮಾತನ್ನು ಅವಳು ಗಂಡನ ಹತ್ತಿರವೂ ಆಡಿದವಳಲ್ಲ.

ಮರುದಿನ ಎಕ್ಸ್‌ಪ್ರೆಸ್ ಒಂದು ತಪ್ಪೂ ಮಾಡಲಿಲ್ಲ. ಆಯಾ ಎಂದಿನಂತೆ ಕಿರುಚಿದಳು, ಗಂಡನ ವಂಶವನ್ನೆಲ್ಲ ಬೈದಳು, ಹೆತ್ತಳು. ಹುಡುಗಿ ಗಾಳಿಚೀಲ ಒತ್ತಿದಳು, ಎದೆ ಒತ್ತಿದಳು, ಮೇಡಂ ಸಾಕು ಎಂದ ಮೇಲೆ ಸ್ಟೂಲು ಎಳೆದುಕೊಂಡು ತಲೆಯ ಹತ್ತಿರ ಕೂತಳು.

“ಅಮ್ಮಾ, ಮಗು ಉಸಿರಾಡ್ಲಿಲ್ಲ. ಕೈಲಾದದ್ದೆಲ್ಲ ಮಾಡಿದ್ವಿ. ಮಗು ಹೋಗ್ಬಿಡ್ತು.”

“ಗಂಡೋ ಹೆಣ್ಣೋ?”

ಉತ್ತರ ತಯಾರಾಗಿತ್ತು. ರಾತ್ರಿಯೆಲ್ಲ ಉರುಹೊಡೆದ ಎರಡು ಸೊಗಸಾದ ವಾಕ್ಯಗಳು. ಹೇಳಲು ಬಾಯಿ ತೆರೆದಳು. ಆದರೆ ಈಗಷ್ಟೇ ಗೋಡೆ ಅದುರಿಸಿದ ದನಿ ಇದಾಗಿರಲಿಲ್ಲ. ತೀರ ಸಣ್ಣದಾಗಿ, ಬೈಸಿಕೊಳ್ಳುವ ಭಯದಿಂದ ಕೇಳಿದ ಹಾಗಿತ್ತು. ತರಬೇತಿಯ ಎರಡು ತಿಂಗಳಲ್ಲಿ ಮೊದಲ ಬಾರಿ ಹುಡುಗಿ ಆಯಾಳ ಮುಖ ನೋಡಿದಳು. ತುಟಿ ಒಣಗಿತ್ತು. ಕಣ್ಣು ಬಾಗಿಲ ಕಡೆಗಿತ್ತು, ಯಾರೋ ಏನನ್ನೋ ಒಯ್ಯುತ್ತಿದ್ದಾರೆ ಎಂಬಂತೆ.

“ಹೆಣ್ಣು ಮಗು” ಎಂದಳು.

ಎದ್ದು ಹೋಗಿ, ಬೊಂಬೆಯ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ತಂದು, ಆಯಾಳ ತೋಳಿನ ಮೇಲೆ ಮಲಗಿಸಿ, ಮತ್ತೆ ಸ್ಟೂಲಿನ ಮೇಲೆ ಕೂತಳು. “ನೋಡಿ. ತಲೆ ತುಂಬ ಕೂದಲು.”

ಬೊಂಬೆಯ ತಲೆ ಬೋಳು. ಆಯಾ ಅದರ ಹಣೆಯಿಂದ ಹಿಂದಲೆಯವರೆಗೆ ಅಂಗೈಯಾಡಿಸಿದಳು, ಮತ್ತೊಮ್ಮೆ ಆಡಿಸಿದಳು.

“ನಮ್ಮನೇಲಿ ಎಲ್ರಿಗೂ ಹಾಗೇನೇ” ಎಂದಳು. “ಹುಟ್ಟುವಾಗ್ಲೇ ಕೂದಲು. ನಮ್ಮಮ್ಮನಿಗೂ ಹಾಗೇ ಇತ್ತಂತೆ.”

ಗಂಟೆ ಹೊಡೆಯಿತು. ಮುಂದಿನ ಸರದಿಯ ಡಾಕ್ಟರು ಕೈಗವಸು ಹಾಕಿಕೊಂಡೇ ಬಾಗಿಲು ತಳ್ಳಿದರು. ಮೇಡಂ ಕೂತಲ್ಲಿಂದಲೇ ಕೈಯೆತ್ತಿ ಅವರನ್ನು ತಡೆದರು. ಹುಡುಗಿ ಸ್ಟೂಲು ಬಿಟ್ಟು ಏಳಲಿಲ್ಲ. ಆಯಾ ಹೊದಿಕೆಯ ಅಂಚನ್ನು ಎಳೆದು, ಮಗುವಿನ ಕಾಲು ಮುಚ್ಚಿದಳು.