ಬೋರ್ಡಿನ ಎರಡನೇ ಸಾಲು

"ಅಕ್ಕೋ, ಎರಡನೇ ಸಾಲಿಗೆ ಏನ್ ಬರೀಲಿ? ಬಣ್ಣ ಒಣಗೋಯ್ತದೆ," ಎಂದು ಪೇಂಟರ್ ಭೀಮ ಏಣಿಯ ಮೇಲಿಂದ ಮೂರನೆಯ ಸಲ ಕೂಗಿದ. ಮೊದಲ ಸಾಲಿನಲ್ಲಿ 'ಯಶೋಧರಾ ಕಂಪ್ಯೂಟರ್ ತರಬೇತಿ ಕೇಂದ್ರ, ಹೊಳೆನರಸೀಪುರ' ಎಂದು ಆಗಲೇ ಮೂಡಿತ್ತು. ಎರಡನೆಯದಕ್ಕೆ 'ವಿಂಡೋಸ್ ಕಲಿಸಲಾಗುವುದು' ಎಂದು ಯಶೋಧರಾ ಚೀಟಿ ಬರೆದೂ ಕೊಟ್ಟಿದ್ದಳು. ಆಮೇಲೆ ಅದನ್ನು ವಾಪಸು ಇಸಿದುಕೊಂಡಿದ್ದಳು. ಕಾರಣ, ರಸ್ತೆ ದಾಟಿ ಬಂದು ಅವಳ ಮೇಜಿನ ಮುಂದೆ ಕೂತಿದ್ದ ಯೋಗಾನರಸಿಂಹ ಮೇಷ್ಟ್ರು.

ಹನ್ನೆರಡು ವರ್ಷದಲ್ಲಿ ಮೇಷ್ಟ್ರು ಈ ರಸ್ತೆ ದಾಟಿದ್ದು ಇದೇ ಮೊದಲು. ಎದುರಿನ ಮನೆಯ ಮುಂಭಾಗದಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಯಶೋಧರಾ ಮಲ್ಲಿಪಟ್ಟಣದಿಂದ ಎರಡು ಬಸ್ಸು ಹತ್ತಿ ಬಂದು ಬೆರಳು ಪಳಗಿಸಿಕೊಂಡದ್ದು ಅಲ್ಲೇ. ಅಕ್ಷರ ನೋಡಿಕೊಂಡು ಟೈಪ್ ಮಾಡುವವರ ಕೈಮೇಲೆ ಮೇಷ್ಟ್ರು ಕೀಲಿ ಕಾಣದ ಹಾಗೆ ತಮ್ಮ ಹೆಗಲ ಟವೆಲ್ ಹಾಸಿಬಿಡುತ್ತಿದ್ದರು. ಅವಳ ಕೈಮೇಲೆ ಅದು ಮೂರು ತಿಂಗಳು ಇತ್ತು. ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸಾಗಿ ಅಲ್ಲೇ ಕಲಿಸುತ್ತಿದ್ದವಳು ಒಂದು ದಿನ, "ಒಂದು ಕಂಪ್ಯೂಟರ್ ತಗಳಿ ಸಾ," ಎಂದಳು. "ಕರೆಂಟ್ ಹೋದ್ರೆ ಆ ಡಬ್ಬ ಏನ್ ಮಾಡುತ್ತಮ್ಮ?" ಎಂದು ಮೇಷ್ಟ್ರು ನಕ್ಕರು.

1997ರಲ್ಲಿ ಅವಳು ಎದುರಿಗೇ ಕಂಪ್ಯೂಟರ್ ಇಟ್ಟಳು. ಉಂಡ ಮನೆಗೆ ಎರಡು ಬಗೆದಳು ಎಂದು ಪೇಟೆಯೆಲ್ಲ ಆಡಿಕೊಂಡಿತು. ಮೇಷ್ಟ್ರು ಅವಳೊಡನೆ ಮಾತನ್ನೇ ಬಿಟ್ಟರು. ಅವರ ಕಡೆಯ ಮೂರು ಮೆಷಿನ್ನು ಹೋದ ತಿಂಗಳು ಗುಜರಿಯವನ ಗಾಡಿ ಹತ್ತಿದವು. ಅದನ್ನು ಬಾಗಿಲಲ್ಲಿ ನಿಂತು ನೋಡಿದವಳಿಗೆ ಅವತ್ತು ಊಟ ಸೇರಿರಲಿಲ್ಲ.

ಈಗ ಮೇಷ್ಟ್ರು ಜುಬ್ಬದ ಜೇಬಿನಿಂದ ಪೇಪರ್ ಕಟಿಂಗ್ ತೆಗೆದು ಮೇಜಿನ ಮೇಲೆ ಹರವಿದರು.

"ಗೂಗಲ್‌ನವರು ಹೊಸ ಆಪರೇಟಿಂಗ್ ಸಿಸ್ಟಮ್ ತರ್ತಾರಂತೆ. ಕೆಲಸ ಎಲ್ಲಾ ಇಂಟರ್‌ನೆಟ್ಟಲ್ಲೇ. ವಿಂಡೋಸ್ ಬೇಕಾಗಲ್ವಂತೆ. ಭೀಮ ಏಣಿ ಹಾಕೋದು ಕಂಡೆ. ಬೋರ್ಡ್ ಬರೆಸೋಕೆ ಮುಂಚೆ ನೋಡ್ಲಿ ಅಂತ ತಂದೆ."

ಅಣಕಿಸಲು ಬಂದರೇನೋ ಎಂದು ಅವರ ಮುಖ ನೋಡಿದಳು. ಅಣಕವೇನೂ ಕಾಣಲಿಲ್ಲ. ಕಟಿಂಗನ್ನು ಎರಡು ಸಲ ಓದಿದಳು. ಎಂಟು ಕಂಪ್ಯೂಟರು, ಹನ್ನೆರಡು ವರ್ಷ ಕಲಿಸಿದ್ದೇ ಕಲಿಸಿದ ಪಾಠ, ಎಲ್ಲ ಕಣ್ಣ ಮುಂದೆ ಬಂದು ಹೆದರಿಕೆಯಾಯಿತು. ಗುಜರಿಯ ಗಾಡಿ ರಸ್ತೆಯ ಈ ಬದಿಗೂ ಬರಬಹುದು.

"ನೆಟ್ಟು ದಿನಕ್ಕೆ ನಾಕ್ ಸಲ ಓಯ್ತದೆ ಸಾ. ಲೈನ್ ಓದ್ರೆ ಆ ಡಬ್ಬ ಏನ್ ಮಾಡ್ತದೆ?"

ಅಂದಮೇಲೆ ತನ್ನ ಮಾತು ತನ್ನ ಕಿವಿಗೇ ಬಿದ್ದು ನಾಲಿಗೆ ಕಚ್ಚಿಕೊಂಡಳು. ಮೇಷ್ಟ್ರು ನಕ್ಕರು.

"ನಾನು ಕೇಳಿದ್ದೂ ಸರಿಯಾದ ಪ್ರಶ್ನೇನೇ ಕಣಮ್ಮ. ಕರೆಂಟು ದಿನಾ ಹೋಯ್ತು. ಜನ ಮಾತ್ರ ನಿನ್ನ ಹತ್ರಾನೇ ಬಂದ್ರು."

"ಅಂಗಾರೆ ಇದು ವಿಂಡೋಸ್‌ನ ಓಡಿಸ್ಬುಡ್ತದಾ?"

"ನನ್ನ ಕೇಳ್ತೀಯಲ್ಲ. ಒಂದು ಸಲ ಭವಿಷ್ಯ ಹೇಳಿ ಅಂಗಡಿ ಮುಚ್ಚಿದೋನು ನಾನು." ಇನ್ನೊಂದು ಜೇಬಿನಿಂದ ಭೂತಗನ್ನಡಿ ತೆಗೆದು ಕಟಿಂಗಿನಲ್ಲಿದ್ದ ಪುಟ್ಟ ಲ್ಯಾಪ್‌ಟಾಪಿನ ಚಿತ್ರದ ಮೇಲೆ ಹಿಡಿದರು. "ಇಲ್ನೋಡು. ಕೀಬೋರ್ಡಲ್ಲಿ ಕ್ಯೂ ಅಕ್ಷರ ಅಲ್ಲೇ ಇದೆ. ಎ ಅಲ್ಲೇ ಇದೆ. ನನ್ನ ಮೆಷಿನ್ನಲ್ಲಿ ಎಲ್ಲಿತ್ತೋ ಅಲ್ಲೇ. ಯಾರು ಗೆಲ್ತಾರೋ ಗೆಲ್ಲಲಿ, ಬೆರಳಿನ ಜಾಗ ಬದಲಾಗಿಲ್ಲ."

ಒಳಕೋಣೆಯಲ್ಲಿ ವಿದ್ಯಾರ್ಥಿಗಳು ಎರಡೇ ಬೆರಳಲ್ಲಿ ಕುಟ್ಟುತ್ತಿದ್ದ ಸದ್ದು ಕೋಳಿ ಕಾಳು ಹೆಕ್ಕಿದ ಹಾಗೆ ಕೇಳುತ್ತಿತ್ತು. ಮೇಷ್ಟ್ರ ಕಿವಿ ಅಲ್ಲೇ ಇತ್ತು. ಅವರು ಪೇಪರ್ ತೋರಿಸಲು ಬಂದವರಲ್ಲ, ಕಲಿಸಲು ಒಂದು ಜಾಗ ಕೇಳಲು ಬಂದವರು, ಬಾಯಿ ಬರುತ್ತಿಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು. ಅವರನ್ನು ಮಾತಾಡಿಸಲು ಹನ್ನೆರಡು ವರ್ಷ ತನಗೂ ಬಾಯಿ ಬಂದಿರಲಿಲ್ಲ.

"ಈ ಐಕ್ಳಿಗೆ ಹೇಳಿ ಹೇಳಿ ಸಾಕಾಗ್ಯದೆ ಸಾ. ನನ್ನ ಮಾತು ಕೇಳಕಿಲ್ಲ. ನೀವೇ ಒಂದ್ಸಲ ನೋಡಿ."

"ಬೇಕಾದ್ರೆ ಸಂಜೆ ಬರ್ತೀನಿ."

"ಈಗ್ಲೇ ಓಗಿ ಸಾ."

ಮೇಷ್ಟ್ರು ಎದ್ದು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಒಳಗೆ ಹೋದರು.

"ಅಕ್ಕೋ," ಎಂದ ಭೀಮ.

ಯಶೋಧರಾ ಬಾಗಿಲಿಗೆ ಬಂದಳು. "ಟೈಪಿಂಗ್ ಕಲಿಸಲಾಗುವುದು ಅಂತ ಬರಿ."

"ವಿಂಡೋಸು?"

"ಅದು ಕೆಳಗಿರ್ಲಿ. ಚಿಕ್ಕದಾಗಿ."

ಭೀಮ ಬ್ರಷ್ ಅದ್ದಿದ. ಒಳಗೆ ಕುಟ್ಟುವ ಸದ್ದು ನಿಂತಿತು. ಆಮೇಲೆ ಟವೆಲ್ಲಿನ ಅಡಿಯಿಂದ ಒಂದು ಅಕ್ಷರ ಒತ್ತಿದ ಸದ್ದು ಬಂತು, ತುಂಬ ತಡೆದು ಇನ್ನೊಂದು.