ಉಪ್ಪಿಲ್ಲದ ಪಾಲು

ಗೆಣಸು ತುರಿಯಲು ಕೂತರೆ ನಡುವೆ ಏಳಬಾರದು. ತುರಿದ ಗೆಣಸು ಗಾಳಿಗೆ ಸಿಕ್ಕರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎಷ್ಟು ತೆಂಗಿನ ಹಾಲು ಸುರಿದರೂ ಗೆಣಸಿನ ಸಿಹಿ ಕಡುಬು ಪೆನ್ ಪತಾತ್ ನೋಡಲು ಹೆಣದ ಮುಖದ ಹಾಗಿರುತ್ತದೆ ಎಂದು ಮೆರಿಲ್ಯಾಳ ಅತ್ತೆ ಹೇಳುತ್ತಿದ್ದಳು. ಆ ಅತ್ತೆ ಈಗ ಇಳಿಜಾರಿನ ಕೆಳಗೆ, ನೀಲಿ ಬಣ್ಣ ಬಳಿದ ಸಮಾಧಿಯಲ್ಲಿ ಮಲಗಿದ್ದಾಳೆ. ಇವತ್ತು ಸತ್ತವರ ಹಬ್ಬ. ಅವಳ ಪಾಲನ್ನೂ ಸೇರಿಸಿ ಮೆರಿಲ್ಯಾ ಬೆಳಿಗ್ಗೆಯಿಂದ ಗೆಣಸು ತುರಿಯುತ್ತಿದ್ದಳು.

ತುರಿಯುವ ತಗಡು ಅವಳ ಗಂಡ ಒರೇಲ್ ಮಾಡಿಕೊಟ್ಟದ್ದು. ಎಣ್ಣೆ ಡಬ್ಬಿಯನ್ನು ಬಿಡಿಸಿ, ಮೊಳೆಯಿಂದ ತೂತು ಹೊಡೆದು, ಹಲಗೆಗೆ ಬಡಿದಿದ್ದ. ಅದರ ಹಲ್ಲುಗಳಿಗೆ ಬೆರಳ ಚರ್ಮ ಸಿಕ್ಕದಂತೆ ಕೈ ಆಡಿಸುವುದು ಅಭ್ಯಾಸದ ಮಾತು. ಬಿಳಿ ಗೆಣಸಿನ ಹಾಲು ಮೊಣಕೈವರೆಗೂ ಇಳಿದು ಒಣಗಿ ಚರ್ಮ ಬಿಗಿಯುತ್ತಿತ್ತು.

ಒಲೆಮನೆಯ ಎದುರು, ಹುಲ್ಲು ಹೆಣೆದ ಕುರ್ಚಿಯಲ್ಲಿ ಒರೇಲ್‌ನ ಅಕ್ಕ ಇಲಿಯಾನಾ ಕೂತು ತೆಂಗಿನಕಾಯಿ ಹಿಂಡುತ್ತಿದ್ದಳು. ಹಬ್ಬದ ಅಡುಗೆ ಸರಿಯಾಗಿ ಆಗುತ್ತದೋ ಇಲ್ಲವೋ ಎಂದು ನೋಡಲೆಂದೇ ಅವಳು ಗುಡ್ಡದ ಮೇಲಿನ ಮನೆಯಿಂದ ಇಳಿದು ಬಂದಿದ್ದಳು.

"ಜಾಯಿಕಾಯಿ ಅಷ್ಟೊಂದು ತೇಯ್ಬೇಡ ಕಣೇ. ನಮ್ಮಪ್ಪ ಒಂದ್ಸಲ ಸತ್ತಿರೋದು ಸಾಕು, ನಿನ್ನ ಜಾಯಿಕಾಯಿ ತಿಂದು ಇನ್ನೊಂದ್ಸಲ ಸಾಯೋದು ಬೇಡ."

"ಮಾವ ಇದ್ದಾಗ ನನ್ನ ಕೈಯಡುಗೆಗೆ ಎರಡೆರಡು ಸಲ ತಟ್ಟೆ ಒಡ್ತಿದ್ರು, ಅತ್ತಿಗೆ."

"ಅವನಿಗೆ ಯಾವಾಗ್ಲೂ ಮೂಗು ಕಟ್ಟಿರ್ತಿತ್ತು, ಅದಕ್ಕೆ."

ಮೆರಿಲ್ಯಾ ನಕ್ಕಳು. ತುರಿದ ಗೆಣಸಿಗೆ ಕಿವುಚಿದ ಬಾಳೆಹಣ್ಣು, ತೆಂಗಿನ ಹಾಲು, ಡಬ್ಬಿ ಹಾಲು, ಜೋನಿಬೆಲ್ಲ, ಜಜ್ಜಿದ ಶುಂಠಿ, ಚಕ್ಕೆಪುಡಿ ಬಿದ್ದವು. ಅಲ್ಲಿಯವರೆಗೆ ಎಲ್ಲರದ್ದೂ ಒಂದೇ ಹಿಟ್ಟು. ಅದಾದ ಮೇಲೆ ಪಾಲಾಗಬೇಕು. ದೊಡ್ಡ ಬೀಡುಕಬ್ಬಿಣದ ಕಡಾಯಿಗೆ ಹೋಗುವುದಕ್ಕೆ ಒಂದು ಚಿಟಿಕೆ ಉಪ್ಪು ಬೀಳುತ್ತದೆ, ಅದು ಬದುಕಿರುವವರದ್ದು. ಸಣ್ಣ ಕಡಾಯಿಗೆ ಉಪ್ಪಿಲ್ಲ, ಅದು ಸತ್ತವರದ್ದು. ಸತ್ತವರ ನಾಲಿಗೆಗೆ ಉಪ್ಪು ಆಗುವುದಿಲ್ಲ. ಉಪ್ಪು ಹಾಕಿದ್ದನ್ನು ಮುಂದಿಟ್ಟರೆ ಅವರು ಮುಟ್ಟದೆ, ಹೇಳಲೂ ಬಾರದೆ ಕೂತಿರುತ್ತಾರೆ.

ಸಣ್ಣ ಕಡಾಯಿ ತುಂಬಿದ ಮೇಲೆ ಇಲಿಯಾನಾ ಕೈ ಒರೆಸಿಕೊಂಡಳು. ಕೇಳಬೇಕೆಂದು ಬೆಳಿಗ್ಗೆಯಿಂದ ಇಟ್ಟುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟಳು.

"ನನ್ನ ತಮ್ಮನ ಪಾಲು ಯಾವುದ್ರಲ್ಲಿದೆ?"

ಮೆರಿಲ್ಯಾ ತುರಿಯುವ ತಗಡನ್ನು ನೀರಿಗೆ ಹಾಕಿದಳು. ಒರೇಲ್ ರಾಜಧಾನಿ ಪೋರ್ಟೊಪ್ರೆನ್ಸಿಗೆ ಇದ್ದಲು ಸಾಗಿಸುವ ಹಾಯಿದೋಣಿಯಲ್ಲಿ ಹೋದವನು. ಹೋದ ವರ್ಷ ಮಳೆಗಾಲದ ಕೊನೆಗೆ ದೋಣಿ ಗೊನಾವ್ ದ್ವೀಪದ ಹತ್ತಿರ ಮಗುಚಿತು. ಹಲಗೆಗಳು ತೇಲಿ ಬಂದವು. ಜೊತೆಯವರ ಹೆಣಗಳೂ ಬಂದವು. ಒರೇಲ್ ಮಾತ್ರ ಬರಲಿಲ್ಲ. ಅವನನ್ನು ಯಾರೋ ಎತ್ತಿಕೊಂಡು ಕ್ಯೂಬಾಕ್ಕೆ ಒಯ್ದರೆಂದು ಸಂತೆಯಲ್ಲಿ ಒಬ್ಬ ಹೇಳಿದ. ಆ ಒಬ್ಬನ ಮಾತನ್ನೇ ಮೆರಿಲ್ಯಾ ವರ್ಷವಿಡೀ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಕಪ್ಪು ಬಟ್ಟೆ ಉಡಲಿಲ್ಲ. ಚರ್ಚಿನಲ್ಲಿ ಸತ್ತವರ ಪೂಜೆ ಹೇಳಿಸಲಿಲ್ಲ.

"ಅವನ ಪಾಲು ದೊಡ್ಡ ಕಡಾಯಿಲಿದೆ, ಅತ್ತಿಗೆ. ಬಂದಾಗ ತಿಂತಾನೆ."

"ಕನಸಲ್ಲಿ ಬರ್ತಾನೆ ಕಣೇ ನನಗೆ. ಮೈಯೆಲ್ಲ ಒದ್ದೆ. ಚಳಿ ಅಕ್ಕಾ, ಹಸಿವು ಅಕ್ಕಾ ಅಂತಾನೆ. ನೀರಲ್ಲಿ ಹೋದೋರನ್ನ ವರ್ಷ ತುಂಬಿದ್ಮೇಲೆ ಕರ್ದು ಉಣ್ಣೋಕಿಡ್ಬೇಕು. ಇಲ್ದಿದ್ರೆ ಅಲ್ಲೇ ನೆನೀತಾ ಬಿದ್ದಿರ್ತಾರೆ."

"ಬದುಕಿದ್ರೆ?"

ಅದಕ್ಕೆ ಉತ್ತರ ಇಬ್ಬರಿಗೂ ಗೊತ್ತಿತ್ತು. ಬದುಕಿರುವವನ ಹೆಸರಿನಲ್ಲಿ ಉಪ್ಪಿಲ್ಲದ ಪಾಲು ಬಡಿಸಿದರೆ, ಅವನು ಎಲ್ಲಿ ನಿಂತಿದ್ದರೆ ಅಲ್ಲೇ ಕುಸಿಯುತ್ತಾನೆ. ಬಡಿಸಿದ ಕೈಯೇ ಕೊಂದ ಕೈ.

"ನಿನ್ನ ಗಂಡ, ನಿನ್ನ ಕೈ," ಎಂದಳು ಇಲಿಯಾನಾ. "ನಾನು ಬಡಿಸೋ ಹಾಗಿದ್ರೆ ಹೋದ ತಿಂಗಳೇ ಬಡಿಸ್ತಿದ್ದೆ. ಒಂದು ಡಬ್ಬಿಗಾದ್ರೂ ಹಾಕಿಡು. ಬಡಿಸೋದು ಬಿಡೋದು ಆಮೇಲೆ ನೋಡಿದ್ರಾಯ್ತು."

ಮೆರಿಲ್ಯಾ ಖಾಲಿಯಾದ ಹಾಲಿನ ಡಬ್ಬಿಗೆ ಬೆಣ್ಣೆ ಸವರಿ ಉಪ್ಪಿಲ್ಲದ ಹಿಟ್ಟು ತುಂಬಿದಳು. ಇಲಿಯಾನಾ ಕೆಂಡ ತರಲು ತಿರುಗಿದಾಗ ಎರಡು ಬೆರಳಲ್ಲಿ ಉಪ್ಪು ಎತ್ತಿ ಅದರೊಳಗೆ ಹಾಕಿ ಕಲಸಿಬಿಟ್ಟಳು. ಹಾಕಿದ ಮೇಲೆ ಎದೆ ಹಗುರಾಯಿತು.

ಡಬ್ಬಿಯನ್ನು ಕೆಂಡದ ಅಂಚಿನಲ್ಲಿ ಹೂತು, ಕಡಾಯಿಗಳನ್ನು ಕೆಂಡದ ಮೇಲಿಟ್ಟು, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಹರಡಿದರು. ಕೆಳಗೂ ಬೆಂಕಿ, ಮೇಲೂ ಬೆಂಕಿ. ಹೀಗೆ ಇಟ್ಟ ಮೇಲೆ ಅದನ್ನು ಬಿಟ್ಟು ಹೋಗುವಂತಿಲ್ಲ. ಮೇಲಿನ ಕೆಂಡ ಬೂದಿಯಾದರೆ ನೆತ್ತಿ ಹಸಿಯಾಗಿ ಉಳಿಯುತ್ತದೆ, ಕೆಳಗಿನದು ಜೋರಾದರೆ ತಳ ಕರಕಲಾಗುತ್ತದೆ. ಇಲಿಯಾನಾ ಕಾಫಿ ಪಾತ್ರೆ, ಮೇಣದಬತ್ತಿ ಹಿಡಿದು ಸಮಾಧಿಗಳ ಕಡೆ ಇಳಿದಳು. ತಾನು ಕೂತಿದ್ದ ಕುರ್ಚಿಯನ್ನು ಅಂಗಳದ ನಡುವೆ ನೆಟ್ಟಗೆ ಬಿಟ್ಟು ಹೋದಳು.

ನೆರಳು ಕಾಲ ಕೆಳಗೆ ಸರಿದು ಇಲ್ಲವಾಯಿತು. ನಡುಮಧ್ಯಾಹ್ನದಲ್ಲಿ ಈ ಗುಡ್ಡದ ಮೇಲೆ ಯಾರೂ ದಾರಿ ನಡೆಯುವುದಿಲ್ಲ. ಕೋಳಿಗಳು ಕೂಡ ಬಾಯಿ ತೆರೆದು ಪೊದೆಯಡಿ ಕೂತಿದ್ದವು. ಮೆರಿಲ್ಯಾ ಬಗ್ಗಿ ಮುಚ್ಚಳದ ಕೆಂಡ ತಿರುವುತ್ತಿದ್ದಳು.

"ಓನೆ," ಎಂದಿತು ಕಳ್ಳಿ ಬೇಲಿಯ ಆಚೆಯಿಂದ ಒಂದು ದನಿ.

"ರೆಸ್ಪೆ," ಎಂದಳು ಮೆರಿಲ್ಯಾ.

ಬೇಲಿಯ ಹೊರಗೆ ನಿಂತವನು ಓನೆ, ಅಂದರೆ ಮಾನ, ಎನ್ನಬೇಕು, ಒಳಗಿರುವವರು ರೆಸ್ಪೆ, ಅಂದರೆ ಮರ್ಯಾದೆ, ಎಂದರೆ ಮಾತ್ರ ಕಾಲಿಡಬೇಕು. ಮಾತು ಬರುವುದಕ್ಕೂ ಮೊದಲು ಮಕ್ಕಳು ಕಲಿಯುವುದು ಇದನ್ನು. ಆದರೆ ನಡುಹಗಲಲ್ಲಿ ಮೊದಲ ಕರೆಗೆ ಓಗೊಡಬಾರದೆಂದೂ ಹಿರಿಯರೇ ಮಕ್ಕಳಿಗೆ ಕಲಿಸುತ್ತಾರೆ. ಬದುಕಿರುವವರಾದರೆ ಮತ್ತೆ ಮತ್ತೆ ಕೂಗುತ್ತಾರೆ. ಒಂದೇ ಸಲ ಕೂಗಿ ಕಾಯುವವರು ಬೇರೆ. ಮೆರಿಲ್ಯಾಳ ಕಣ್ಣು ಕೆಂಡದ ಮೇಲಿತ್ತು, ಬಾಯಿ ತನ್ನ ಪಾಡಿಗೆ ಒಳಗೆ ಕರೆದಿತ್ತು. ಆಮೇಲೆ ಅವಳಿಗೆ ಆ ದನಿ ಯಾರದ್ದೆಂದು ತಿಳಿಯಿತು.

ಸಮುದ್ರದಿಂದ ಬಂದಾಗಲೆಲ್ಲ ಒರೇಲ್ ತನ್ನದೇ ಮನೆಯ ಬೇಲಿಯ ಹೊರಗೆ ಪರದೇಸಿಯ ಹಾಗೆ ನಿಂತು ಓನೆ ಎನ್ನುತ್ತಿದ್ದ. ರೆಸ್ಪೆ ಸ್ವಾಮಿ, ಯಾರ ಮನೆ ಬೇಕಿತ್ತು, ಎಂದು ಅವಳು ಕೇಳುತ್ತಿದ್ದಳು. ಅಡುಗೆ ಚೆನ್ನಾಗಿರೋ ಮನೆ, ಇದಲ್ಲ ಅನ್ಸುತ್ತೆ, ಎಂದು ಅವನು ಒಳಗೆ ಬರುತ್ತಿದ್ದ.

ಅವಳು ತಲೆಯೆತ್ತಿದಳು. ಬೇಲಿಯ ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಅಂಗಳದ ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದಿತು. ಅದರ ಹೆಸರು ಮಾತಾಡ್ಲಿಬಿಡು. ಆಡಿಕೊಳ್ಳುತ್ತಿದ್ದ ಪಕ್ಕದ ಮನೆಯವರಿಗೆ ಕೇಳಲಿ ಎಂದೇ ಒರೇಲ್ ಆ ಹೆಸರಿಟ್ಟು ಸಂಜೆ ಸಂಜೆ ಗಟ್ಟಿಯಾಗಿ ಕೂಗುತ್ತಿದ್ದ. ನಾಯಿ ಬಾಗಿಲವರೆಗೆ ಓಡಿತು, ಬೊಗಳಲಿಲ್ಲ. ತಿರುಗಿ, ಯಾರದೋ ಮಂಡಿಗೆ ಮೈ ತಾಗಿಸಿಕೊಂಡು ಬರುವಂತೆ, ಓರೆಯಾಗಿ, ನಿಧಾನವಾಗಿ ಒಲೆಮನೆಯ ತನಕ ನಡೆದು ಬಂದಿತು.

ಹಸಿ ಇದ್ದಲಿನ ವಾಸನೆ ಬಂತು. ಒಲೆಯ ಇದ್ದಲು ಉರಿಯುತ್ತಿತ್ತು, ಅದಕ್ಕೆ ಆ ವಾಸನೆ ಇಲ್ಲ. ಇದು ನೀರು ಕುಡಿದ ಇದ್ದಲು.

ಮೆರಿಲ್ಯಾ ಕೆಂಡದ ಕಡೆಗೇ ಮುಖ ಮಾಡಿಕೊಂಡಳು. ಓಡಿಹೋಗಬಹುದಿತ್ತು. ಆದರೆ ಸತ್ತವರ ಅಡುಗೆ ಸುಟ್ಟುಹೋದರೆ ಈ ವರ್ಷ ಮನೆಗೆ ಉಳಿಗಾಲವಿಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಹಿಂದಿನಿಂದ ಮರ ಗೋಡೆಗೆ ಮೆತ್ತಗೆ ತಾಗಿದ ಸದ್ದಾಯಿತು. ಓರೆಗಣ್ಣಲ್ಲಿ ನೋಡಿದಳು. ಅಂಗಳದ ನಡುವಿದ್ದ ಕುರ್ಚಿ ಒಲೆಮನೆಯ ಗೋಡೆಗೆ ಬೆನ್ನು ಒರಗಿಸಿಕೊಂಡಿತ್ತು. ಮುಂದಿನ ಎರಡು ಕಾಲುಗಳು ಗಾಳಿಯಲ್ಲಿದ್ದವು. ದಣಿದು ಬಂದ ಗಂಡಸರು ಕೂರುವುದು ಹಾಗೆಯೇ. ಹುಲ್ಲಿನ ಹೆಣಿಗೆ ಭಾರಕ್ಕೆ ತಗ್ಗಿತ್ತು. ನಾಯಿ ಅದರ ಕೆಳಗೆ ಮಲಗಿ ಕಣ್ಣು ಮುಚ್ಚಿತು.

"ತಡ ಮಾಡ್ಬಿಟ್ಟೆ ನೀನು," ಎಂದಳು ಮೆರಿಲ್ಯಾ. ದನಿ ತನ್ನದೇ ಎನ್ನಿಸಲಿಲ್ಲ. "ಕಂದು ಆಡು ಮರಿ ಹಾಕ್ತು. ಒಂದು ನಿಮ್ಮಕ್ಕ ತಗೊಂಡು ಹೋದ್ಳು, ಕೇಳದೇನೆ. ಮಾಡಿನ ತಗಡು ಗಾಳಿಗೆ ಎದ್ದಿದೆ, ನೋಡು. ಯಾರೂ ಹತ್ತೋರಿಲ್ಲ."

ಅವಳು ಮುಚ್ಚಳದ ಕೆಂಡ ತಿರುವಿದಳು, ಮತ್ತೆ ಕೇಳಿದಳು.

"ಬದುಕಿದೀಯಾ?"

ಆಗ ಅವಳಿಗೆ ಹೊಳೆಯಿತು. ಬಾಯಿಂದ ಹೇಳಬೇಕಾಗಿಲ್ಲ. ಡಬ್ಬಿಯಲ್ಲಿ ಉಪ್ಪಿದೆ. ಬದುಕಿದ್ದರೆ ತಿನ್ನುತ್ತಾನೆ.

ಬಟ್ಟೆಯಲ್ಲಿ ಡಬ್ಬಿ ಹಿಡಿದು ಬೂದಿ ಕೊಡವಿದಳು. ಅಂಚಿನಲ್ಲಿ ಕಂದು ಬಣ್ಣದ ಗಟ್ಟಿ ಪದರ ಕಟ್ಟಿತ್ತು. ಒರೇಲ್‌ಗೆ ಬೇಕಾಗುತ್ತಿದ್ದದ್ದು ಅದೇ. ಎನಾಮೆಲ್ ತಟ್ಟೆಗೆ ಬೋರಲು ಹಾಕಿ, ಚಮಚ ಇಟ್ಟು, ಕುರ್ಚಿಯ ಮುಂದೆ ಸಣ್ಣ ಮಣೆ ಎಳೆದು ಅದರ ಮೇಲೆ ಇರಿಸಿದಳು. ಮೇಲೆ ನೋಡಲಿಲ್ಲ. ತಿರುಗಿ ಬಂದು ಒಲೆಯ ಮುಂದೆ ಕೂತಳು. ಓರೆಗಣ್ಣಲ್ಲಿ ತಟ್ಟೆಯನ್ನಷ್ಟೇ ನೋಡುತ್ತ ಕಾದಳು.

ತಟ್ಟೆಯ ಹಬೆ ಮೊದಲು ದಟ್ಟವಾಗಿ ಎದ್ದಿತು, ಆಮೇಲೆ ಎಳೆಯಾಯಿತು. ನೆಲದಲ್ಲಿ ಚೆಲ್ಲಿದ್ದ ಜೋನಿಬೆಲ್ಲಕ್ಕೆ ಮುತ್ತಿದ್ದ ಇರುವೆಗಳು ಸಾಲು ಕಟ್ಟಿ ಮಣೆಯತ್ತ ಬಂದವು. ಮಣೆಯ ಕಾಲಿನ ಹತ್ತಿರ ನಿಂತು, ಸುತ್ತು ಹಾಕಿ, ಬಂದ ದಾರಿಯಲ್ಲೇ ಹಿಂದಿರುಗಿದವು. ಚಮಚ ಇಟ್ಟಲ್ಲೇ ಇತ್ತು. ಕುರ್ಚಿಯ ಹುಲ್ಲು ಒಮ್ಮೆ ಕಿರುಗುಟ್ಟಿತು. ಹಸಿದವನು ಮುಂದೆ ಬಾಗಿ ಮತ್ತೆ ಹಿಂದಕ್ಕೆ ಒರಗಿದರೆ ಆಗುವ ಸದ್ದು ಅದು.

ಚಳಿ ಅಕ್ಕಾ, ಹಸಿವು ಅಕ್ಕಾ. ವರ್ಷವಿಡೀ ನೀರಿನಡಿಯಲ್ಲಿ ಉಪವಾಸವಿದ್ದು, ಬಿಸಿಲಲ್ಲಿ ಗುಡ್ಡ ಹತ್ತಿ, ಬೇಲಿಯ ಹತ್ತಿರ ನಿಂತು ಮರ್ಯಾದೆಯಿಂದ ಕೂಗಿ ಬಂದವನ ಮುಂದೆ ಮುಟ್ಟಲಾಗದ್ದನ್ನು ಇಟ್ಟು ತಾನು ನೋಡುತ್ತ ಕೂತಿದ್ದಳು. ಇಂಥ ಅವಮಾನವನ್ನು ಊರಿನ ಭಿಕ್ಷುಕನಿಗೂ ಯಾರೂ ಮಾಡುವುದಿಲ್ಲ.

"ಕೂತಿರು," ಎಂದಳು. "ಎದ್ದು ಹೋಗ್ಬೇಡ. ಬೇರೆ ಕೊಡ್ತೀನಿ."

ಸಣ್ಣ ಕಡಾಯಿಯ ಮುಚ್ಚಳದಿಂದ ಕೆಂಡ ಸರಿಸಿದಳು. ಇನ್ನೂ ಸ್ವಲ್ಪ ಬೇಯಬೇಕಿತ್ತು, ಆದರೂ ಚಮಚ ಇಳಿಸಿ ಅಂಚಿನಿಂದ ಕೆರೆದು ಬೇರೊಂದು ತಟ್ಟೆಗೆ ತೆಗೆದಳು. ಮಣೆಯ ಮೇಲಿಡುವಾಗ ಗಂಡನ ಹೆಸರನ್ನು ಪೂರ್ತಿ ಹೇಳಿದಳು. ಸತ್ತವರ ಪಾಲು ಹೆಸರು ಹೇಳದೆ ತಲುಪುವುದಿಲ್ಲ.

ಕುರ್ಚಿಯ ಮುಂದಿನ ಕಾಲುಗಳು ನಿಧಾನವಾಗಿ ನೆಲಕ್ಕೆ ಇಳಿದವು. ಉಣ್ಣಲು ಕೂರುವವನು ಹಾಗೆಯೇ ಮುಂದಕ್ಕೆ ಬರುತ್ತಾನೆ. ತಟ್ಟೆಯ ಹಬೆ ದೀಪ ಊದಿದಂತೆ ಒಮ್ಮೆಗೇ ನಿಂತಿತು.

ಆ ಗಳಿಗೆಯಲ್ಲಿ ಅವಳಿಗೆ ಒಂದು ವಿಷಯ ನೆನಪಾಯಿತು. ಒರೇಲ್ ಎಂದೂ ತಾನಾಗಿ ಮೊದಲ ತುತ್ತು ಎತ್ತಿದವನಲ್ಲ. ಎಷ್ಟೇ ಹಸಿದಿರಲಿ, ಮೆರಿಲ್ಯಾ ಎದುರು ಕೂತು ಒಂದು ಚಮಚ ಬಾಯಿಗಿಟ್ಟ ಮೇಲೆಯೇ ಅವನ ಕೈ ತಟ್ಟೆಗೆ ಹೋಗುತ್ತಿತ್ತು. ಉಪ್ಪಿನ ಪಾಲಿಟ್ಟು ಅವಳು ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತಿದ್ದಳು.

ಇಲಿಯಾನಾ ಖಾಲಿ ಕಾಫಿ ಪಾತ್ರೆ ಹಿಡಿದು ಹತ್ತಿ ಬಂದಾಗ ಮೆರಿಲ್ಯಾ ನೆಲದಲ್ಲಿ ಕೂತಿದ್ದಳು. ನಾಯಿ ಅಂಗಳದ ಮೂಲೆಗೆ ಮರಳಿತ್ತು. ಕುರ್ಚಿಯ ಹುಲ್ಲು ಎಂದಿನಂತೆ ಬಿಗಿಯಾಗಿತ್ತು. ಇಲಿಯಾನಾ ಎರಡು ತಟ್ಟೆಗಳನ್ನೂ ನೋಡಿದಳು. ಎರಡೂ ತುಂಬಿದ್ದವು. ಮೊದಲನೆಯದರಿಂದ ಚಿವುಟಿ ನಾಲಿಗೆಗೆ ಇಟ್ಟಳು.

"ಉಪ್ಪು ಹಾಕಿದೀಯ."

"ಹಾಕಿದ್ದೆ."

ಎರಡನೆಯದರಿಂದ ಚಿವುಟಿದಳು. ಬಾಯಲ್ಲಿ ತಿರುಗಿಸಿದಳು. ಸಿಹಿಯಿಲ್ಲ, ಶುಂಠಿಯ ಖಾರವಿಲ್ಲ, ಚಕ್ಕೆಯ ಘಮವಿಲ್ಲ. ಒದ್ದೆ ಹತ್ತಿ ಅಗಿದ ಹಾಗಿತ್ತು. ಸತ್ತವರು ಉಂಡು ಬಿಟ್ಟದ್ದು ಹಾಗೆಯೇ ಇರುತ್ತದೆ.

"ಬಂದಿದ್ನಾ?"

ಮೆರಿಲ್ಯಾ ಹೌದೆಂದು ತಲೆಯಾಡಿಸಿದಳು. "ಮೊದ್ಲು ಉಪ್ಪಿಂದೇ ಇಟ್ಟೆ, ಅತ್ತಿಗೆ. ಮುಟ್ಲಿಲ್ಲ. ನಾನು ಎದ್ರಿಗೆ ಕೂತು ತಿನ್ನಲಿಲ್ಲ. ಕಾಯ್ತಿದ್ನೋ ಏನೋ."

"ಸತ್ತೋನು ಕಣೇ ಅವನು. ಹೋದ ವರ್ಷವೇ."

"ನಾನು ಒಂದು ಚಮಚ ತಿಂದಿದ್ರೆ ತಿಂತಿದ್ನೋ ಏನೋ. ಆಮೇಲೆ ಉಪ್ಪಿಲ್ಲದ್ದು ಬಡಿಸಿದ್ದು ನನ್ನ ಕೈ."

ಇಲಿಯಾನಾ ಪಾತ್ರೆ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತಳು. ಎರಡು ಕಡಾಯಿಗಳ ಮೇಲೂ ಕೆಂಡ ಬೂದಿಯಾಗುತ್ತಿತ್ತು.

ಮನೆಯಲ್ಲಿ ಸಾವಾದರೆ ಮೊದಲ ಕೂಗು ಆ ಮನೆಯ ಹೆಂಗಸಿನ ಬಾಯಿಂದಲೇ ಏಳಬೇಕು. ಅದು ಕೇಳಿದ ಮೇಲೆಯೇ ಗುಡ್ಡದಿಂದ ಗುಡ್ಡಕ್ಕೆ ಸುದ್ದಿ ಹೋಗುತ್ತದೆ. ಮೆರಿಲ್ಯಾ ವರ್ಷವಿಡೀ ಬಾಯಿ ಬಿಗಿಹಿಡಿದಿದ್ದಳು. ಈಗ ಎದ್ದು ಅಂಗಳದ ನಡುವೆ ನಿಂತಳು. ಕೈ ಎರಡನ್ನೂ ತಲೆಯ ಮೇಲಿಟ್ಟುಕೊಂಡು ಕೂಗಿದಳು. ಇಲಿಯಾನಾ ದನಿ ಸೇರಿಸಿದಳು. ಕೆಳಗಿನ ತೋಟದಲ್ಲಿ ಕತ್ತಿಯ ಸದ್ದು ನಿಂತಿತು. ಎದುರು ಗುಡ್ಡದಿಂದ ಯಾರೋ ಹೆಂಗಸು ಅದನ್ನೇ ಎತ್ತಿಕೊಂಡು ಆಚೆ ಕಳಿಸಿದಳು.

ಮೊದಲು ಬಂದವನು ಪಕ್ಕದ ಮನೆಯ ಮುದುಕ ಫಿಲಿಸ್ಮ. ಓಡಿ ಬಂದದ್ದಕ್ಕೆ ಉಸಿರು ಹತ್ತಿತ್ತು. ಬೇಲಿಯ ಒಳಗೆ ನಿಂತು ಟೋಪಿ ತೆಗೆದ.

"ಯಾರಮ್ಮ?"

"ಒರೇಲ್," ಎಂದಳು ಮೆರಿಲ್ಯಾ.

ಮುದುಕ ಇಲಿಯಾನಾಳ ಮುಖ ನೋಡಿದ, ಮತ್ತೆ ಇವಳ ಮುಖ ನೋಡಿದ. ಸಮುದ್ರದಿಂದ ಸುದ್ದಿ ಬಂತೇನೋ ಎಂದುಕೊಂಡ.

"ಯಾವಾಗ?"

"ಈಗಷ್ಟೇ," ಎಂದಳು.